‘ದೇವರ ಚಿತ್ತ’ ಅಂತ ಯಾರು ಯಾರಿಗೆ ಹೇಳಬಹುದು?

ಸಾವಿನ ಮನೆಗೆ ಹೋದಾಗ ನಮ್ಮ ಕ್ರೈಸ್ತರ ಬಾಯಲ್ಲಿ ತೀರಾ ಸಲೀಸಾಗಿ ಬರುವ ಮಾತೊಂದಿದೆ: "ಎಲ್ಲಾ ದೇವರ ಚಿತ್ತ." ಮಿಕ್ಕ ಕನ್ನಡಿಗರಲ್ಲಿ ಇದೇ ಮಾತು "ಹಣೆಬರಹ", "ಋಣ ಇಷ್ಟೇ ಇತ್ತು", "ಬರೆದಂಗೆ ಆಗತ್ತೆ" ಅಂತೆಲ್ಲ ವೇಷ ಬದಲಿಸುತ್ತದೆ. ಹೇಳುವವರ ಉದ್ದೇಶ ಕೆಟ್ಟದ್ದಲ್ಲ, ಗೊತ್ತು. ಮೌನವಾಗಿ ಕೂರಲಾಗದೆ ಏನೋ ಒಂದು ಹೇಳಬೇಕಲ್ಲ ಅಂತ ಹೇಳುತ್ತಾರೆ. ಆದರೂ ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂತ ಇವತ್ತು ಬರೆದೇಬಿಡುತ್ತೇನೆ.

ನಾನೇನೂ ದೈವಶಾಸ್ತ್ರ ಓದಿ ಪದವಿ ತಗೊಂಡವನಲ್ಲ. ಜೆ.ಪಿ. ನಗರದಲ್ಲಿ ಮನೆ, ಭಾನುವಾರ ಕನ್ನಡ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವ ಸಾಮಾನ್ಯ ಸದಸ್ಯ. ಆದರೆ ಈ ‘ದೇವರ ಚಿತ್ತ’ದ ಹಿಂದೆ ಸುಮಾರು ಸಾವಿರದ ಆರುನೂರು ವರ್ಷಗಳ ಜಗಳವಿದೆ. ಮನುಷ್ಯನ ರಕ್ಷಣೆ ದೇವರು ಮೊದಲೇ ನೇಮಿಸಿಟ್ಟದ್ದೋ, ಅಥವಾ ಒಲ್ಲೆ ಅನ್ನುವ ಸ್ವಾತಂತ್ರ್ಯ ಮನುಷ್ಯನಿಗಿದೆಯೋ? ಮೊದಲೇ ನೇಮಿಸಿದ್ದರೆ ಪಾಪಕ್ಕೆ ಮನುಷ್ಯ ಹೇಗೆ ಹೊಣೆ? ನೇಮಿಸಿಲ್ಲದಿದ್ದರೆ ದೇವರು ಎಂಥ ಸರ್ವಶಕ್ತ? ಜಗಳದ ತಿರುಳು ಇಷ್ಟೇ.

ಈ ಜಗಳವನ್ನು ನಾನು ತೀರ್ಮಾನ ಮಾಡಲು ಹೊರಟಿಲ್ಲ. ಅಗಸ್ಟೀನನಿಂದ ಆಗದ್ದು ಜೆ.ಪಿ. ನಗರದಿಂದ ಆದೀತೇ! ನನ್ನ ತಕರಾರು ಬೇರೆ. ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ವ್ಯಾಕರಣ ನೆನಪಿದೆಯಲ್ಲ? ನಾನು ಅನ್ನುವುದು ಉತ್ತಮ ಪುರುಷ, ನೀನು ಅನ್ನುವುದು ಮಧ್ಯಮ ಪುರುಷ, ಅವನು-ಅವಳು ಅನ್ನುವುದು ಪ್ರಥಮ ಪುರುಷ. ‘ದೇವರು ಮೊದಲೇ ನೇಮಿಸಿದ್ದ’ ಅನ್ನುವುದು ಉತ್ತಮ ಪುರುಷದಲ್ಲಿ ಮಾತ್ರ ಆಡಬೇಕಾದ ಮಾತು. "ನನ್ನ ಯೋಗ್ಯತೆಯಿಂದಲ್ಲ, ಆತನೇ ನನ್ನನ್ನು ಹಿಡಿದ" ಅಂತ ಒಬ್ಬ ತನ್ನ ಬಗ್ಗೆ ಹೇಳಿದರೆ ಅದು ಕೃತಜ್ಞತೆ. "ನಿನ್ನ ಗಂಡ ಸಾಯೋದು ಆತನ ಚಿತ್ತವಾಗಿತ್ತು", "ಅವನು ಆಯ್ದುಕೊಂಡವರಲ್ಲಿ ಇಲ್ಲ" ಅಂದರೆ ಅದು ತೀರ್ಪು. ಆ ತೀರ್ಪು ಕೊಡುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಒಂದು ಉದಾಹರಣೆ. ಬಿಟಿಎಂ ಲೇಔಟ್ ಎರಡನೇ ಹಂತದಲ್ಲಿ ನನಗೆ ಪರಿಚಯದ ಒಂದು ಕುಟುಂಬ. ಮನೆಯ ಯಜಮಾನರಿಗೆ ಐವತ್ತು ತುಂಬಿರಲಿಲ್ಲ. ಒಂದು ರಾತ್ರಿ ಎದೆಯಲ್ಲಿ ಏನೋ ಹಿಡಿದ ಹಾಗೆ ಆಯಿತಂತೆ. ಗ್ಯಾಸ್ ಇರಬೇಕು ಅಂತ ಈನೋ ಕುಡಿದು ಮಲಗಿದರು. ಬೆಳಿಗ್ಗೆ ಏಳಲಿಲ್ಲ. ಜಯದೇವ ಆಸ್ಪತ್ರೆ ಅಲ್ಲಿಂದ ರಾತ್ರಿ ಹೊತ್ತು ಆಟೋದಲ್ಲಿ ಹತ್ತು ನಿಮಿಷ.

ನಾನು ಹೋದಾಗ ಅವರ ಹೆಂಡತಿಯ ಎದುರಿಗೆ ಒಬ್ಬ ಹಿರಿಯರು ಕುಳಿತಿದ್ದರು. "ಅಳಬೇಡಮ್ಮಾ, ಅವರ ದಿನ ಇಷ್ಟೇ ಅಂತ ಕರ್ತನು ಲೋಕ ಹುಟ್ಟೋಕೆ ಮುಂಚೇನೇ ತೀರ್ಮಾನ ಮಾಡಿದ್ದ" ಅಂದರು. ಅವರು ಎದ್ದು ಹೋದ ಮೇಲೆ ಇನ್ನೊಬ್ಬರು ಬಂದರು, ಬೇರೆ ಸಭೆಯವರು. "ಸಿಸ್ಟರ್, ಮನೇಲಿ ದಿನಾ ಕುಟುಂಬ ಪ್ರಾರ್ಥನೆ ನಡೀತಿತ್ತಾ? ಎಲ್ಲಾದರೂ ಅವಿಶ್ವಾಸಕ್ಕೆ ಜಾಗ ಕೊಟ್ಟಿದ್ರಾ?" ಅಂತ ವಿಚಾರಣೆ ಶುರುಮಾಡಿದರು. ಆಮೇಲೆ ಆಕೆ ನಮ್ಮ ಮನೆಯವಳ ಹತ್ತಿರ ಮೆಲ್ಲಗೆ ಕೇಳಿದ್ದು ಇದು: "ಹಾಗಾದ್ರೆ ಎಬ್ಬಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೂ ಹೀಗೇ ಆಗ್ತಿತ್ತಾ ಅಕ್ಕಾ? ಇಲ್ಲಾ, ಕರ್ಕೊಂಡು ಹೋಗದೇ ಇದ್ದದ್ದು ನನ್ನ ತಪ್ಪಾ?"

ನೋಡಿ, ಪೂರ್ವನೇಮಕ ಮತ್ತು ಸ್ವತಂತ್ರ ಚಿತ್ತದ ಇಡೀ ಜಗಳ ಆ ಎರಡು ಪ್ರಶ್ನೆಗಳಲ್ಲಿದೆ. ಒಬ್ಬರು ದೇವರನ್ನೇ ಕೊಲೆಗಾರನನ್ನಾಗಿ ಮಾಡಿ ಹೋದರು, ಇನ್ನೊಬ್ಬರು ಆಕೆಯನ್ನು. ಸಿದ್ಧಾಂತ ಎರಡೂ ತದ್ವಿರುದ್ಧ, ಆದರೆ ಇಬ್ಬರೂ ಕಲ್ಲು ಹೇರಿದ್ದು ಒಂದೇ ತಲೆಯ ಮೇಲೆ. ಹಾಗಾಗಿ ನನ್ನ ತಕರಾರು ಪೂರ್ವನೇಮಕ ಒಪ್ಪುವವರ ಮೇಲೆ ಮಾತ್ರ ಅಂತ ತಿಳಿಯಬೇಡಿ. "ಎಲ್ಲಾ ನಿನ್ನ ಕೈಲೇ ಇದೆ, ನಿನ್ನ ವಿಶ್ವಾಸ ಸಾಲಲಿಲ್ಲ" ಅನ್ನುವ ಗುಂಪಿನ ಮೇಲೂ ಅಷ್ಟೇ ಇದೆ.

ಆವತ್ತು ಆ ಮನೆಯಲ್ಲಿ ಸರಿಯಾದ ಮಾತಾಡಿದವರು ಒಬ್ಬರೇ. ಮೇಲಿನ ಮನೆಯ ಮಾಧ್ವರ ಅಜ್ಜಿ. ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟು, "ಬೆಳಗಿನಿಂದ ಹೊಟ್ಟೆಗೇನಾದ್ರೂ ತಗೊಂಡ್ಯೇನಮ್ಮಾ?" ಅಂತ ಕೇಳಿದರು. ಸಂಕಟದಲ್ಲಿರುವವರ ಹತ್ತಿರ ಮಧ್ಯಮ ಪುರುಷದಲ್ಲಿ ಆಡಬೇಕಾದದ್ದು ಇಂಥ ಮಾತು.

ಇರಲಿ. "ನೀನು ಭಾವನೆಯಿಂದ ಮಾತಾಡುತ್ತಿದ್ದೀ, ಸತ್ಯವೇದ ಏನು ಹೇಳುತ್ತೆ ಅದನ್ನ ಹೇಳು" ಅನ್ನುವವರಿದ್ದಾರೆ. ಬನ್ನಿ, ಅಲ್ಲಿಗೇ ಹೋಗೋಣ.

ಪೂರ್ವನೇಮಕದ ವಾದಕ್ಕೆ ದೊಡ್ಡ ಆಧಾರ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟು ಮತ್ತು ಒಂಬತ್ತನೇ ಅಧ್ಯಾಯಗಳು. ಯಾಕೋಬ-ಏಸಾವರ ಕಥೆ, ಫರೋಹನ ಕಠಿಣ ಹೃದಯ, ಕುಂಬಾರ ಮತ್ತು ಮಣ್ಣು ಎಲ್ಲಾ ಅಲ್ಲೇ ಇದೆ. ಆದರೆ ಒಂಬತ್ತನೇ ಅಧ್ಯಾಯ ಶುರುವಾಗುವುದು ಹೇಗೆ? ತನ್ನ ಸ್ವಂತ ಜನರಿಗಾಗಿ ಪೌಲನಿಗೆ ತಡೆಯಲಾರದ ದುಃಖ. ಅವರಿಗೋಸ್ಕರ ತಾನೇ ಶಾಪಗ್ರಸ್ತನಾದರೂ ಸರಿ ಅನ್ನುವಷ್ಟು! ಮುಗಿಯುವುದು ಹನ್ನೊಂದನೇ ಅಧ್ಯಾಯದಲ್ಲಿ, ದೇವರ ಕರುಣೆ ಎಲ್ಲರ ಮೇಲೂ ಅನ್ನುವ ಕಡೆ, ಆತನ ದಾರಿ ಯಾರಿಗೂ ಅಳೆಯಲಾಗದು ಅನ್ನುವ ಕಡೆ. ನಮ್ಮವರು ಮುಂದಿನ ಕಣ್ಣೀರನ್ನೂ ಹಿಂದಿನ ಸ್ತೋತ್ರವನ್ನೂ ಕತ್ತರಿಸಿ ನಡುವಿನ ಮಡಕೆಯನ್ನು ಮಾತ್ರ ಎತ್ತಿಕೊಂಡು ಬರುತ್ತಾರೆ, ಬೇರೆಯವರ ತಲೆಗೆ ಹೊಡೆಯಲು.

ಯೇಸು ಏನು ಮಾಡಿದರು ನೋಡಿ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳು ಅಂತ ತಿಳಿಯಬೇಡಿ ಅಂದರು, ಕೇಳುವವರ ಕಡೆಗೇ ಬೆರಳು ತಿರುಗಿಸಿದರು. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗ ಆ ಲೆಕ್ಕಾಚಾರವನ್ನೇ ತಳ್ಳಿಹಾಕಿ ಕಣ್ಣಿಗೆ ಕೆಸರು ಹಚ್ಚಿ ವಾಸಿ ಮಾಡಿದರು. ಯೋಹಾನನ ಸುವಾರ್ತೆಯ ಕೊನೇ ಅಧ್ಯಾಯದಲ್ಲಿ ಪೇತ್ರನು ಇನ್ನೊಬ್ಬ ಶಿಷ್ಯನನ್ನು ತೋರಿಸಿ ಇವನ ಗತಿ ಏನು ಅಂತ ಕೇಳುತ್ತಾನೆ. ಅದು ನಿನಗ್ಯಾಕೆ, ನೀನು ನನ್ನ ಹಿಂದೆ ಬಾ ಎಂಬರ್ಥದ ಉತ್ತರ ಸಿಗುತ್ತದೆ. ಪ್ರಥಮ ಪುರುಷದ ಬಾಗಿಲನ್ನು ಇದಕ್ಕಿಂತ ಗಟ್ಟಿಯಾಗಿ ಮುಚ್ಚಲು ಸಾಧ್ಯವೇ?

ಇನ್ನು ‘ಚಿತ್ತ’ ಅನ್ನುವ ಪದ. ಅದನ್ನು ನಾವು ಕಲಿತದ್ದೇ ಕರ್ತನ ಪ್ರಾರ್ಥನೆಯಿಂದ. ಅಲ್ಲಿ ದೇವರ ಚಿತ್ತ ಭೂಮಿಯಲ್ಲೂ ನೆರವೇರಲಿ ಅಂತ ಬೇಡುತ್ತೇವೆ. ನಡೆಯುವುದೆಲ್ಲಾ ಈಗಾಗಲೇ ಆತನ ಚಿತ್ತವೇ ಆಗಿದ್ದರೆ ಬೇಡುವುದು ಯಾಕೆ? ಇಲ್ಲಿ ಅದು ಇನ್ನೂ ಪೂರ್ತಿ ನೆರವೇರುತ್ತಿಲ್ಲ ಅಂತ ಒಪ್ಪಿಕೊಂಡೇ ಅಲ್ಲವೇ ನಾವು ಆ ಪ್ರಾರ್ಥನೆ ಮಾಡುವುದು? ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಇಷ್ಟವನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದ್ದು ತನ್ನ ಪಾತ್ರೆಯ ವಿಷಯದಲ್ಲಿ. ಮತ್ತೊಬ್ಬರ ಪಾತ್ರೆಗೆ ವಿಷ ತುಂಬಿ ‘ತಂದೆಯ ಚಿತ್ತ’ ಅನ್ನಲಿಲ್ಲ.

ಈಗ ಕ್ಯಾಲ್ವಿನ್ ಹತ್ತಿರ ಬರೋಣ. ಪೂರ್ವನೇಮಕ ಅಂದ ಕೂಡಲೇ ಎಲ್ಲರೂ ಬೈಯುವುದು ಅವನನ್ನೇ. ಅವನ ಮುಖ್ಯ ಗ್ರಂಥ ಮೊದಲು ಬಂದದ್ದು 1536ರಲ್ಲಿ, ಕೊನೆಯ ದೊಡ್ಡ ಆವೃತ್ತಿ 1559ರಲ್ಲಿ. ಆ ಕೊನೆಯ ಆವೃತ್ತಿಯಲ್ಲಿ ಅವನು ಈ ವಿಷಯವನ್ನು ಪುಸ್ತಕದ ಬಾಗಿಲಲ್ಲಿ ನಿಲ್ಲಿಸಿಲ್ಲ. ಮೂರನೇ ಭಾಗದಲ್ಲಿ, ಕೃಪೆ ಮತ್ತು ಪ್ರಾರ್ಥನೆಯ ಬಗ್ಗೆ ಹೇಳಿ ಮುಗಿಸಿದ ಮೇಲೆ ಎತ್ತಿಕೊಳ್ಳುತ್ತಾನೆ. ಕುತೂಹಲದಿಂದ ಇದರೊಳಗೆ ನುಗ್ಗಿದವನಿಗೆ ಹೊರಬರುವ ದಾರಿ ಸಿಗುವುದಿಲ್ಲ ಅಂತ ಎಚ್ಚರಿಸುತ್ತಾನೆ. ನಾಶಕ್ಕೆ ನೇಮಕ ಅನ್ನುವ ತನ್ನದೇ ತೀರ್ಮಾನವನ್ನು ಭಯಂಕರವಾದದ್ದು ಅಂತ ಅವನೇ ಕರೆಯುತ್ತಾನೆ. ಅಷ್ಟೇ ಅಲ್ಲ, ಯಾರು ಆಯ್ದುಕೊಂಡವರು ಅಂತ ನಮಗೆ ಗೊತ್ತಿಲ್ಲವಾದ್ದರಿಂದ ಎಲ್ಲರೂ ರಕ್ಷಣೆ ಹೊಂದಲಿ ಅಂತಲೇ ಬಯಸಬೇಕು ಅನ್ನುವ ಅಗಸ್ಟೀನನ ಮಾತನ್ನು ಒಪ್ಪಿ ಎತ್ತಿ ಹೇಳುತ್ತಾನೆ. ಅವನ ಹೆಸರಲ್ಲಿ ಕುಣಿಯುವವರು ಈ ಪುಟಗಳನ್ನು ಯಾಕೋ ಓದುವುದೇ ಇಲ್ಲ!

ಕ್ಯಾಲ್ವಿನ್ ಹಿಂಬಾಲಕರು 1618-19ರಲ್ಲಿ ಹಾಲೆಂಡಿನ ಡಾರ್ಟ್ ಊರಿನಲ್ಲಿ ಮಹಾಸಭೆ ನಡೆಸಿ ಅರ್ಮೀನಿಯಸ್ ಶಿಷ್ಯರ ಸ್ವತಂತ್ರ ಚಿತ್ತದ ವಾದವನ್ನು ಖಂಡಿಸಿದರು. ತೀರಾ ಬಿಗಿಯಾದ ಸಭೆ ಅದು. ಅಂಥ ಸಭೆಯೂ ಹಸುಗೂಸನ್ನು ಕಳೆದುಕೊಂಡ ದೈವಭಕ್ತ ತಂದೆತಾಯಿಯ ವಿಷಯ ಬಂದಾಗ ಏನು ಬರೆಯಿತು ಗೊತ್ತೇ? ನಿಮ್ಮ ಮಗುವನ್ನು ದೇವರು ಆಯ್ದುಕೊಂಡಿದ್ದಾನೆ ಅನ್ನುವುದರಲ್ಲಿ ಸಂದೇಹ ಪಡಬೇಡಿ ಎಂಬ ಅರ್ಥದ ಮಾತು. ಅಂದರೆ ಇನ್ನೊಬ್ಬರ ಬಗ್ಗೆ ಬಾಯಿ ಬಿಡಲೇಬೇಕಾದರೆ ಭರವಸೆಗಾಗಿ ಮಾತ್ರ ಬಿಡಿ ಅಂತ.

ಕಥೋಲಿಕರಲ್ಲೂ ಇದೇ ಜಗಳ ನಡೆದಿತ್ತು. 1588ರಲ್ಲಿ ಮೊಲಿನಾ ಎಂಬ ಜೆಸ್ವಿಟ್ ಪಾದ್ರಿ ಮನುಷ್ಯ ಸ್ವಾತಂತ್ರ್ಯದ ಪರ ಪುಸ್ತಕ ಬರೆದ. ಡೊಮಿನಿಕನ್ ಪಾದ್ರಿಗಳು ತಿರುಗಿಬಿದ್ದರು. ರೋಮ್‌ನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆದು, 1607ರಲ್ಲಿ ಪೋಪ್ ಐದನೇ ಪೌಲ್ ಯಾರ ಪರವೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿ ಅನ್ನಬೇಡಿ ಅಂತ ಹೇಳಿ ಕಳಿಸಿದರು. ನಮ್ಮ ಬಿಟಿಎಂಗೆ ಹತ್ತಿರದಲ್ಲೇ, ಹೊಸೂರು ರಸ್ತೆಯ ಬದಿ ಇರುವ ಧರ್ಮಾರಾಮ್ ಕಾಲೇಜಿನಂಥ ಕಡೆ ಪಾದ್ರಿಯಾಗಲು ಓದುವವರಿಗೆ ಈ ಹೆಸರುಗಳೇನೂ ಹೊಸದಲ್ಲ. ನಮ್ಮಂಥ ಬೆಂಚಿನವರಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಪ್ರೊಟೆಸ್ಟೆಂಟರ ಕಥೆಗೆ ಯುರೋಪಿನವರೆಗೆ ಹೋಗಬೇಕಾಗಿಲ್ಲ. ಜಯನಗರದಿಂದ ಕಾರ್ಪೊರೇಷನ್ ಕಡೆ ಹೋಗುವ ಬಸ್ಸು ಹತ್ತಿ. ಹಡ್ಸನ್ ಸರ್ಕಲ್ ಎಲ್ಲರಿಗೂ ಗೊತ್ತು. ಅಲ್ಲಿರುವ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮಿಷನ್ ಪರಂಪರೆಯದ್ದು. ಅಲ್ಲಿಂದ ನಡೆದುಕೊಂಡೇ ಹೋಗುವಷ್ಟು ದೂರದಲ್ಲಿ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ. ಅದು ಲಂಡನ್ ಮಿಷನ್ ಪರಂಪರೆಯದ್ದು. ಎರಡೂ ಕನ್ನಡ ಸಭೆಗಳೇ. ಈ ರೈಸ್ ಅಂದರೆ ಬೆಂಜಮಿನ್ ರೈಸ್. ಶಾಸನಗಳನ್ನು ಸಂಪಾದಿಸಿದ ನಮ್ಮ ಬಿ.ಎಲ್. ರೈಸ್ ಇವರ ಮಗ, 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು.

ಈ ಎರಡು ಪರಂಪರೆಗಳ ಮೂಲ ಪುರುಷರು ಇಂಗ್ಲೆಂಡಿನಲ್ಲಿ ಇದೇ ವಿಷಯಕ್ಕೆ ಕಿತ್ತಾಡಿದ್ದರು. ಜಾನ್ ವೆಸ್ಲಿ 1739ರಲ್ಲಿ ಪೂರ್ವನೇಮಕದ ವಿರುದ್ಧ ಉಗ್ರವಾದ ಪ್ರಸಂಗ ಮಾಡಿ ಅಚ್ಚು ಹಾಕಿಸಿದ. ಅವನ ಗೆಳೆಯ, ಕ್ಯಾಲ್ವಿನ್ ಪಕ್ಷದ ಜಾರ್ಜ್ ವೈಟ್‌ಫೀಲ್ಡ್ (ನಮ್ಮ ಐಟಿ ವೈಟ್‌ಫೀಲ್ಡ್‌ಗೂ ಇವನಿಗೂ ಸಂಬಂಧವಿಲ್ಲ ಮಾರಾಯ್ರೇ) 1740ರ ಡಿಸೆಂಬರಿನಲ್ಲಿ ಅಷ್ಟೇ ಖಾರವಾದ ಪತ್ರ ಬರೆದ. ಗೆಳೆತನ ಮುರಿದು ಆಮೇಲೆ ಹೇಗೋ ಕೂಡಿಕೊಂಡಿತು. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರಸಂಗ ಮಾಡಿದವನು ಇದೇ ವೆಸ್ಲಿ. ಸಿದ್ಧಾಂತದಲ್ಲಿ ಇಬ್ಬರೂ ಒಂದಿಂಚು ಸರಿದಿರಲಿಲ್ಲ.

ಲಂಡನ್ ಮಿಷನ್‌ನವರಲ್ಲಿ ಹೆಚ್ಚಿನವರು ಕ್ಯಾಲ್ವಿನ್ ಕಡೆಯವರು, ವೆಸ್ಲಿಯನ್ನರು ಅರ್ಮೀನಿಯಸ್ ಕಡೆಯವರು. ಎರಡೂ ಮಿಷನ್‌ಗಳು 1820ರ ಆಸುಪಾಸಿನಲ್ಲಿ ಬೆಂಗಳೂರಿಗೆ ಬಂದವು. ಇಲ್ಲಿ ಏನಾಯಿತು? ಕನ್ನಡ ಸತ್ಯವೇದದ ಪರಿಷ್ಕರಣೆಗೆ ಬೇರೆ ಬೇರೆ ಮಿಷನ್‌ನವರು ಒಂದೇ ಮೇಜಿಗೆ ಬಂದರು. 1910ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಶುರುವಾದಾಗ ಎರಡೂ ಕಡೆಯವರು ಅದರಲ್ಲಿ ಸೇರಿದ್ದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಎರಡೂ ಒಂದೇ ಸಭೆಯಾದವು. ಇವತ್ತು ಹಡ್ಸನ್ ಮತ್ತು ರೈಸ್ ಎರಡೂ ಒಂದೇ ಡಯಾಸಿಸ್‌ನಲ್ಲಿವೆ. ಪೂರ್ವನೇಮಕದ ಜಗಳ ಬಗೆಹರಿಸಿಕೊಂಡು ಕೂಡಿದರೇ? ಇಲ್ಲ. ಅದನ್ನು ಒಬ್ಬರ ಮೇಲೊಬ್ಬರು ತೀರ್ಪಾಗಿ ಬಳಸುವುದನ್ನು ಬಿಟ್ಟು ಕೂಡಿದರು. ನಾನು ಕೇಳುತ್ತಿರುವುದೂ ಅದನ್ನೇ. ಬೆಂಗಳೂರು ಪೇಟೆಯಲ್ಲಿ ಆದದ್ದು ನಮ್ಮ ಸಾವಿನ ಮನೆಗಳಲ್ಲಿ ಯಾಕಾಗಬಾರದು?

ಇದು ಕ್ರೈಸ್ತರ ತಲೆನೋವು ಮಾತ್ರ ಅಂತ ಮಿಕ್ಕವರು ಹಾಯಾಗಿ ಕೂರಬೇಡಿ. ಗುರುವಾರ ಜಯನಗರ ಐದನೇ ಬ್ಲಾಕಿನ ರಾಯರ ಮಠದ ಮುಂದೆ ನಿಲ್ಲುವ ಜನಕ್ಕೆ ಮಧ್ವಾಚಾರ್ಯರ ಜೀವತ್ರೈವಿಧ್ಯ ಗೊತ್ತಿರುತ್ತದೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಇದನ್ನು ಕಂಡೇ ಗ್ರಿಯರ್ಸನ್‌ರಂಥವರು ಮಧ್ವರ ಮೇಲೆ ಕ್ರೈಸ್ತ ಪ್ರಭಾವ ಇರಬೇಕು ಅಂತ ಊಹಿಸಿದ್ದು, ಬಿ.ಎನ್.ಕೆ. ಶರ್ಮಾ ಅದನ್ನು ತಳ್ಳಿಹಾಕಿದ್ದು. ವ್ಯತ್ಯಾಸ ನಿಜಕ್ಕೂ ದೊಡ್ಡದಿದೆ. ಮಧ್ವರಲ್ಲಿ ಜೀವ ಅನಾದಿ, ಅದರ ಸ್ವಭಾವವೂ ಅನಾದಿ. ದೇವರು ಆ ಸ್ವಭಾವವನ್ನು ಹುಟ್ಟಿಸಿದವನಲ್ಲ, ಹಾಗಾಗಿ ಅವನಿಗೆ ಪಕ್ಷಪಾತದ ದೋಷ ತಟ್ಟುವುದಿಲ್ಲ ಅನ್ನುತ್ತಾರೆ. ಕ್ರೈಸ್ತರಲ್ಲಿ ಮನುಷ್ಯನನ್ನು ಶೂನ್ಯದಿಂದ ಸೃಷ್ಟಿಸಿದವನೇ ದೇವರು. ಹಾಗಾಗಿ ಕ್ಯಾಲ್ವಿನ್‌ಗೆ ಆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಆದರೆ ಎದುರು ಮನೆಯವನನ್ನು ತೋರಿಸಿ "ಇವನು ತಮೋಯೋಗ್ಯ" ಅಂದರೂ, "ಇವನು ಆಯ್ದುಕೊಂಡವನಲ್ಲ" ಅಂದರೂ, ಆಗುವ ಗಾಯ ಒಂದೇ. "ಹಣೆಬರಹಕ್ಕೆ ಹೊಣೆ ಯಾರು" ಅಂತ ಗಾದೆಯಿದೆ. ನಾವು ಅದನ್ನು ಬಳಸುವುದು ಹೊಣೆ ಹೊರುವುದಕ್ಕಲ್ಲ, ಇಳಿಸಿ ಓಡುವುದಕ್ಕೆ.

ಈ ಪ್ರಥಮ ಪುರುಷದ ಚಟ ದೇಶಗಳನ್ನೂ ಕೆಡಿಸಿದೆ. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆ 1857ರಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಆರಾಧನೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಆ ಪರಂಪರೆಯ ಬಿಳಿಯರಲ್ಲಿ ಅನೇಕರು ತಾವೇ ದೇವರು ಆರಿಸಿದ ಜನ ಅಂದುಕೊಂಡು ವರ್ಣಭೇದವನ್ನು ಸಮರ್ಥಿಸಿದರು. 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ಜಗತ್ತಿನ ರಿಫಾರ್ಮ್ಡ್ ಸಭೆಗಳ ಒಕ್ಕೂಟವೇ, ಅಂದರೆ ಕ್ಯಾಲ್ವಿನ್ ಮಕ್ಕಳೇ, ಆ ಸಮರ್ಥನೆಯನ್ನು ಪಾಷಂಡ ಅಂತ ಘೋಷಿಸಿದರು.

ನಮ್ಮ ರಾಜ್ಯಕ್ಕೆ ಬನ್ನಿ. 2022ರ ಮತಾಂತರ ಕಾಯ್ದೆ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂದಿತು. ಅಕ್ರಮ ಮತಾಂತರಕ್ಕೆ ಜೈಲು ಇಟ್ಟಿತು. ಮತಾಂತರಗೊಂಡವರು ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಆಗಿದ್ದರೆ ಶಿಕ್ಷೆ ಹತ್ತು ವರ್ಷದವರೆಗೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿತು, ಅದು ಬೇರೆ ಮಾತು. ಆ ಸಾಲನ್ನು ಇನ್ನೊಮ್ಮೆ ಓದಿ: ಮಕ್ಕಳು, ಹೆಂಗಸರು, ದಲಿತರು. ಒಬ್ಬ ವಯಸ್ಕ ದಲಿತ ಹೆಣ್ಣುಮಗಳು ತನ್ನ ತಲೆಯಿಂದ ಯೋಚಿಸಿ ಬೇಕು-ಬೇಡ ಅನ್ನಬಲ್ಲಳು ಅನ್ನುವುದನ್ನು ಕಾಯ್ದೆ ನಂಬಲಿಲ್ಲ. "ಆಮಿಷಕ್ಕೆ ಬಿದ್ದಳು" ಅಂತ ಇವರು. "ದೇವರು ಅವಳನ್ನು ಮೊದಲೇ ಆರಿಸಿದ್ದ" ಅಂತ ನಮ್ಮ ಕೆಲವು ಪ್ರಸಂಗಿಗಳು, ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಹೆಸರು ಸೇರಿಸುತ್ತಾ. ಎರಡರಲ್ಲೂ ಅವಳಿಲ್ಲ. ಯಾಕಮ್ಮಾ ಬಂದೆ, ಯಾಕಮ್ಮಾ ಹೋದೆ ಅಂತ ಅವಳನ್ನೇ ಕೇಳಿದವರು ಯಾರು?

ಕೊನೆಯದಾಗಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. "ನೀನು ಜಾರಿಕೊಳ್ಳುತ್ತಿದ್ದೀಯ. ಕೃಪೆ ಪೂರ್ತಿ ದೇವರದ್ದಾದರೆ, ಕೆಲವರಿಗೆ ಅದು ಸಿಗದಿದ್ದರೆ, ಸಿಗದಂತೆ ಮಾಡಿದವನೂ ದೇವರೇ ತಾನೆ? ಸತ್ಯವಾದರೆ ಪ್ರಥಮ ಪುರುಷದಲ್ಲೂ ಸತ್ಯವೇ." ತರ್ಕ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಈ ತರ್ಕದ ಎರಡನೇ ಹೆಜ್ಜೆ ಇಡಲು ಯಾರಿಗೆ ಸಿಕ್ಕಿಲ್ಲ ಅನ್ನುವುದು ಗೊತ್ತಿರಬೇಕು. ಆ ಪಟ್ಟಿ ಯಾರ ಕೈಯಲ್ಲಿದೆ? ಕ್ರಿ.ಶ. 529ರಷ್ಟು ಹಿಂದೆಯೇ ಆರೆಂಜ್ ಎಂಬಲ್ಲಿ ಸೇರಿದ ಬಿಷಪ್ಪರು ಕೃಪೆಯೇ ಮೊದಲು ಅಂತ ಒಪ್ಪಿದರು. ಆದರೆ ಕೆಟ್ಟತನಕ್ಕೆ ದೇವರು ಯಾರನ್ನಾದರೂ ನೇಮಿಸಿದ್ದಾನೆ ಅನ್ನುವುದನ್ನು ಶಪಿಸಿದರು. ಅವರ ತರ್ಕ ಪೂರ್ಣವಲ್ಲ ಅನ್ನಬಹುದು. ಗೊತ್ತಿರುವ ಕಡೆ ಮಾತಾಡಿ ಗೊತ್ತಿಲ್ಲದ ಕಡೆ ನಿಂತರು ಅಂತಲೂ ಅನ್ನಬಹುದು. ನನಗೆ ಎರಡನೆಯದೇ ಸರಿ ಕಾಣುತ್ತದೆ. ನನಗೆ ಸಿಕ್ಕ ಕೃಪೆ ನನಗೆ ಗೊತ್ತು, ಅದಕ್ಕೆ ಸಾಕ್ಷಿ ಹೇಳಬಲ್ಲೆ. ನಿಮ್ಮದು ನನಗೆ ಗೊತ್ತಿಲ್ಲ. ಕೋರ್ಟಿನಲ್ಲೂ ಕಾಣದ್ದನ್ನು ಕಂಡೆ ಅನ್ನುವವನಿಗೆ ಸುಳ್ಳು ಸಾಕ್ಷಿ ಅಂತಾರೆ. ಹತ್ತು ಆಜ್ಞೆಗಳಲ್ಲಿ ಅದಕ್ಕೊಂದು ಆಜ್ಞೆಯೇ ಇದೆ.

ಹಾಗಾಗಿ ಸಭಾಪಾಲಕರಿಗೆ, ಹಿರಿಯರಿಗೆ, ಮನೆ ಮನೆ ಪ್ರಾರ್ಥನೆಗೆ ಹೋಗುವ ಅಕ್ಕ-ಅಣ್ಣಂದಿರಿಗೆ ನನ್ನದೊಂದು ಬಿನ್ನಹ. ಪೂರ್ವನೇಮಕ ನಂಬಿ, ಬೇಡ ಅನ್ನಲಾರೆ. ಸ್ವತಂತ್ರ ಚಿತ್ತ ನಂಬಿ, ಅದಕ್ಕೂ ಬೇಡ ಅನ್ನಲಾರೆ. ನಿಮ್ಮ ಸ್ವಂತ ಬಾಳಿನ ಬಗ್ಗೆ ‘ದೇವರ ಚಿತ್ತ’ ಅಂತ ದಿನಕ್ಕೆ ನೂರು ಸಲ ಹೇಳಿ, ನಾನೂ ಆಮೆನ್ ಅನ್ನುತ್ತೇನೆ. ಆದರೆ ಸತ್ತವನ ಹೆಂಡತಿಯ ಮುಂದೆ, ಕಾಯಿಲೆ ಮಗುವಿನ ತಾಯಿಯ ಮುಂದೆ, ಪರೀಕ್ಷೆಯಲ್ಲಿ ಫೇಲಾದ ಹುಡುಗನ ಮುಂದೆ ಆ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಎದೆನೋವು ಬಂದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಮುಂದಿನ ಭಾನುವಾರದ ಪ್ರಕಟಣೆಯಲ್ಲಿ ಹೇಳಿ. ಅದು ದೇವರ ಚಿತ್ತ ಅನ್ನುವುದರಲ್ಲಿ ಕ್ಯಾಲ್ವಿನ್‌ಗೂ ವೆಸ್ಲಿಗೂ ತಕರಾರು ಇರಲಾರದು.